ಏಳಕ್ಕೆ ಆರು

ವಾಡಿ ಜಂಕ್ಷನ್ನಿನ ಈ ಕಾಲೇಜಿನಲ್ಲಿ
ಕರಿಹಲಗೆಯನ್ನು ಎಷ್ಟು ಒರೆಸಿದರೂ ಬಿಳುಪು ಹೋಗುವುದಿಲ್ಲ.
ಸೀಮೆಸುಣ್ಣದ ಪುಡಿಯೋ, ಕಾರ್ಖಾನೆಯ ಸಿಮೆಂಟೋ,
ಇಪ್ಪತ್ತೊಂದು ವರ್ಷವಾಯಿತು, ಕೇಳುವುದನ್ನು ಬಿಟ್ಟಿದ್ದೇನೆ.

ಇವತ್ತು ಅದರ ಮೇಲೆ ಗ್ರೀಸ್ ದೇಶ.
ಕಡಲು ಕಾಣದ ಮಕ್ಕಳಿಗೆ ದ್ವೀಪಗಳ ಸಾಲದ ಪಾಠ.
ಹಲವು ದೇಶ, ಒಂದೇ ನಾಣ್ಯ.
ಯಾಕೆ ಮುಳುಗಿತು? ಹತ್ತು ಅಂಕ.

ಸಾಯಿಬಣ್ಣ ಎದ್ದ. ಅವನಪ್ಪ ಫರಶಿ ಪಾಲಿಶ್ ಮಷೀನು ಇಟ್ಟವ,
ಒಂದು ಕಂತೂ ತಪ್ಪಿಸದವ.
"ಹಾಸಿಗಿ ನೋಡಿ ಕಾಲು ಚಾಚಲಿಲ್ಲ ಸರ. ಮತ್ತೇನದ ಅದ್ರಾಗ?"
ಪುಸ್ತಕದಲ್ಲಿ ಇದಕ್ಕೆ ಮೂರು ಪುಟ, ಒಂದು ಕೋಷ್ಟಕ.
ಅವನು ಗಾದೆಯೊಂದರಲ್ಲಿ ಮುಗಿಸಿ ಕೂತ.

ರುಖಿಯಾ ಏಳಲಿಲ್ಲ, ಕೂತಲ್ಲಿಂದಲೇ:
"ಹಾಸಿಗಿ ಮಾರಿದಾಂವ ಯಾರ್ ಸರ?
ಸಾಲಾನೂ ಅವನೇ ಕೊಟ್ಟ, ಸಾಮಾನೂ ಅವನ ಅಂಗಡಿದೇ.
ಬಡ್ಡಿ ಬರೋತನಕ ಛಲೋ ಮಂದಿ,
ನಿಂತ ದಿನಕ್ಕ ಉಡಾಳರಾ?
ನಮ್ಮವ್ವನ ಸಂಘಕ್ಕ ಬರೋ ಸಾಲದ ಹುಡ್ಗ
ಚಾ ಕುಡದು, ಬ್ಯಾಡಂದ್ರೂ ಸಹಿ ಮಾಡಿಸ್ಕೊಂಡು ಹೋಗ್ತಾನ."

ಕೊನೆಯ ಬೆಂಚಿನ ಮಲಕಣ್ಣ, ರಾತ್ರಿ ಪಾಳಿಯಲ್ಲಿ ಚೀಲ ಹೊರುವವ,
ಕಣ್ಣು ತೆರೆಯದೆಯೇ ಅಂದ:
"ತಮ್ಮದೇ ರೊಕ್ಕ ಇದ್ದಿದ್ರ ರೊಕ್ಕದ ಬೆಲಿ ಇಳಸ್ತಿದ್ರು.
ಅದು ಕೈಯಾಗಿಲ್ಲ.
ಅದಕ್ಕ ಆಳಿನ ಬೆಲಿ ಇಳಸ್ಯಾರ."

ನಾನು ಡಸ್ಟರ್ ಕೆಳಗಿಟ್ಟೆ.

ನನ್ನಜ್ಜ, ಚಿಲ್ಲರ ಚನಬಸಪ್ಪ,
ಇದೇ ಜಂಕ್ಷನ್ನಿನ ಮೂರನೇ ದರ್ಜೆಯ ಕಟಕಟೆ ಪಕ್ಕ
ಒಂದು ಫರಶಿ ಇಟ್ಟುಕೊಂಡು ಕೂರುತ್ತಿದ್ದ.
ನಿಜಾಮನ ಗಾಡಿಯಿಂದ ಇಳಿದವರ ಕೈಯಲ್ಲಿ ಹಾಲಿ,
ಮುಂಬೈ ಮೇಲಿಗೆ ಬೇಕಾದದ್ದು ಕಲ್ದಾರ.
ಒಂದರ ಮೇಲೆ ಚಾರ್‌ಮಿನಾರು, ಇನ್ನೊಂದರ ಮೇಲೆ ರಾಜನ ತಲೆ.
ಏಳಕ್ಕೆ ಆರು, ಅದರ ಮೇಲೆ ಕಾಸಿನ ವಟ್ಟ.
ಕಲ್ಲಿಗೆ ಕುಕ್ಕಿ, ದನಿ ಕೇಳಿ, ಎಣಿಸುತ್ತಿದ್ದ;
ಕಣ್ಣಿಗಿಂತ ಕಿವಿಯ ಮೇಲೆ ಅವನಿಗೆ ಭರವಸೆ.

ಕಲ್ದಾರವೊಂದೇ ಉಳಿದ ವರ್ಷ ಊರಲ್ಲಿ ಪೇಢೆ ಹಂಚಿದರಂತೆ.
ಅವನೂ ತಿಂದ.
ಮಾರನೇ ತಿಂಗಳಿಂದ ಬೇಳೆ ಮಿಲ್ಲಿನಲ್ಲಿ ಚೀಟಿ ಬರೆದ,
ಯಾರನ್ನೂ ಬೈಯಲಿಲ್ಲ.
ಒಮ್ಮೆ ಮಾತ್ರ, ಎಲೆಗೆ ಸುಣ್ಣ ತೀಡುತ್ತ, ನನ್ನೆದುರು:
"ನಡುವಿನ ಗ್ವಾಡಿ ಕೆಡವಿದ್ರು, ಮನಿ ಒಂದಾತು. ಛಲೋನೇ ಆತು.
ಆದ್ರ ಒಲಿ ಎರಡೇ ಅವ ನೋಡು.
ಒಂದ್ರಾಗ ಬೆಂಕಿ ಆರಿದ್ರ
ಇನ್ನೊಂದ್ರ ಕೆಂಡ ಯಾರು ತರಬೇಕು,
ಗ್ವಾಡಿ ಕೆಡವೋ ದಿನ ಅದನ್ನ ಯಾರೂ ಮಾತಾಡ್ಲಿಲ್ಲ."

ಇದಕ್ಕೆ ಪಠ್ಯದಲ್ಲಿ ಬೇರೆ ಹೆಸರಿದೆ. ಹೇಳಿದೆ. ಬರೆದುಕೊಂಡರು.

"ಹಂಗಾದ್ರ ಯಾರ್ದು ಖರೆ ಸರ?"
ಪರೀಕ್ಷೆಗೆ ಮೂರೂ ಬರೀರಿ ಅಂದೆ, ತಲಾ ಮೂರು ಅಂಕ.
ಒಂಬತ್ತಾಯಿತು. ಉಳಿದದ್ದು?

ವರ್ಷವಿಡೀ ತುಟಿ ಬಿಚ್ಚದ ಅಂಬವ್ವ ಆಗ ಅಂದಳು:
"ಸೊಸೈಟಿ ಮುಳುಗ್ತದಂತ ಸುದ್ದಿ ಆತು ಸರ, ಪಾಳಿ ಹಚ್ಚಿದ್ವಿ.
ಪಾಳಿ ಹಚ್ಚಿದ್ದಕ್ಕೇ ಮುಳುಗ್ತು."
ಆ ಒಂದು ಅಂಕ ಅವಳಿಗೆ ಕೊಟ್ಟೆ.
ಸಾಲದು ಅನಿಸಿತು.

ಮುಪ್ಪಿನಲ್ಲಿ ಅಜ್ಜನಿಗೆ ಒಂದೇ ಹಟ.
ಡಜನ್ ಬಾಳೆಹಣ್ಣಿಗೆ ಎಂಟು ರೂಪಾಯಿ ಅಂದರೆ
ಕಿವಿಗೆ ಕೈ ಹಚ್ಚಿ "ಯಾವದ್ರಾಗ?" ಅನ್ನುತ್ತಿದ್ದ.
ನಾವೆಲ್ಲ ನಗುತ್ತಿದ್ದೆವು, ಬಾಳೆಹಣ್ಣಿನವನೂ.

ಗಂಟೆ ಹೊಡೆಯಿತು.
ಹೊರಟ ಮಲಕಣ್ಣ ಬಾಗಿಲಲ್ಲಿ ನಿಂತು,
"ಒಟ್ಟು ಸಾಲ ಎಷ್ಟಿತ್ತು ಸರ ಅವರ್ದು?"

ಅಂಕಿ ನನಗೆ ಬಾಯಿಪಾಠ.
ಆದರೂ ಬರೆಯಲು ಹಲಗೆಯತ್ತ ತಿರುಗಿದ್ದೇ
ಸೀಮೆಸುಣ್ಣ ಹಿಡಿದ ಕೈ
ಕಿವಿಗೆ ಹೋಯಿತು.